ನಾನು ಕಳಚಿ ತಂದ ಬಾಗಿಲು

ನಮ್ಮ ಕಾಲನಿಯ ಬಾಗಿಲುಗಳನ್ನು ಕಳಚಲು ಹೊರಟಾಗ ನಾನು ಮೊದಲು ಕೈ ಹಾಕಿದ್ದು ಚಿಕ್ಕಿಯ ಮನೆಯ ಬಾಗಿಲಿಗೆ. ಅದನ್ನು ಎಲ್ಲದಕ್ಕಿಂತ ಕೊನೆಗೆ ಕಳಚಿದ್ದರೆ ಇವತ್ತು ಇದನ್ನು ಬರೆಯುತ್ತ ಕೂರುವ ಕರ್ಮ ನನಗೆ ಬರುತ್ತಿರಲಿಲ್ಲ.

ಚಿಕ್ಕಿ ಎಂದರೆ ನನ್ನ ತಾಯಿಯ ತಂಗಿಯೇನೂ ಅಲ್ಲ, ಬದಿಮನೆಯವಳು. ಕುಂದಾಪುರದ ಹೊಳೆಬದಿಯಲ್ಲಿ ಸರ್ಕಾರ ಮೀನುಗಾರರಿಗೆಂದು ಸಾಲಾಗಿ ಕಟ್ಟಿಸಿಕೊಟ್ಟ ನಲವತ್ತೆರಡು ಮನೆಗಳಲ್ಲಿ ನಮ್ಮದೂ ಅವಳದ್ದೂ ಒಂದೇ ಗೋಡೆಯ ಆಚೆ ಈಚೆ ಇದ್ದವು. ಆ ಗೋಡೆ ಎಷ್ಟು ತೆಳ್ಳಗಿತ್ತು ಅಂದರೆ, ಅವಳು ಆ ಕಡೆ ಕಾಯಿ ತುರಿಯುವ ಸದ್ದು ಕೇಳಿ ಈ ಕಡೆ ನನಗೆ ಹಸಿವಾಗುತ್ತಿತ್ತು. ನನ್ನ ತಾಯಿ ಕಾಯಿಲೆ ಬಿದ್ದು ಮಲಗಿದ್ದ ಎರಡು ವರ್ಷ ನನಗೆ ಗಂಜಿ, ಚಟ್ನಿ, ಬೈಗುಳ ಎಲ್ಲ ಸಿಕ್ಕಿದ್ದು ಅವಳ ಕೈಯಿಂದಲೇ. ಅವಳಿಗೆ ಮಕ್ಕಳಿರಲಿಲ್ಲ. ಹಾಗಂತ ನನ್ನನ್ನು ಮುದ್ದು ಮಾಡಿದಳು ಅಂತಲೂ ಅಲ್ಲ. ಅವಳ ಬಾಯಿ ದೊಡ್ಡದು. ಹೊಳೆಯ ಆಚೆ ದಡದವರನ್ನು ಕರೆಯಲು ಅವಳಿಗೆ ಮೊಬೈಲು ಬೇಕಾಗಿರಲಿಲ್ಲ.

ನಾನು ದೋಣಿಗಳಿಗೆ ಹೆಸರು ಬರೆಯುವವ. ಅಂಗಡಿಗಳ ಬೋರ್ಡೂ ಬರೆಯುತ್ತಿದ್ದೆ. ಫ್ಲೆಕ್ಸ್ ಬಂದು ಅಂಗಡಿಯವರು ಕೈಬಿಟ್ಟರು, ಸ್ಟಿಕ್ಕರ್ ಬಂದು ದೋಣಿಯವರೂ ಅರ್ಧಕ್ಕರ್ಧ ಕೈಬಿಟ್ಟರು. ಆದರೂ ನನ್ನ ಅಕ್ಷರದ ಬಗ್ಗೆ ನನಗೆ ಜಂಬ ಹೋಗಲಿಲ್ಲ. ಯಾರಾದರೂ ‘ಕೈಬರಹ ಚೆಂದ ಇದೆ’ ಅಂದರೆ ಇವತ್ತಿಗೂ ನಾನು ಉಬ್ಬುತ್ತೇನೆ. ಈ ಕತೆಯಲ್ಲಿ ಆದ ಅನಾಹುತಕ್ಕೆಲ್ಲ ಮೂಲ ಆ ಜಂಬವೇ ಅಂತ ಮೊದಲೇ ಹೇಳಿಬಿಡುತ್ತೇನೆ.

ಕಾಲನಿಯನ್ನು ಕೆಡವುತ್ತಾರೆ ಎಂಬ ಸುದ್ದಿ ನಾಲ್ಕೈದು ವರ್ಷದಿಂದ ಇತ್ತು. ಉಪ್ಪುಗಾಳಿಗೆ ತಾರಸಿಯೊಳಗಿನ ಕಬ್ಬಿಣ ಊದಿಕೊಂಡು ಸಿಮೆಂಟು ಚಕ್ಕೆಚಕ್ಕೆಯಾಗಿ ಬೀಳುತ್ತಿತ್ತು. ಒಮ್ಮೆ ನನ್ನ ಊಟದ ಬಟ್ಟಲಿಗೇ ಬಿದ್ದಿತ್ತು. ಕೆಡವಬೇಕಾದ್ದೇ, ಅದರಲ್ಲಿ ತಕರಾರಿಲ್ಲ. ತಕರಾರು ಇದ್ದದ್ದು ನಮ್ಮನ್ನು ಎಲ್ಲಿಗೆ ಎತ್ತಿ ಹಾಕುತ್ತಾರೆ ಎಂಬುದರಲ್ಲಿ. ಕುಂಭಾಶಿಯ ಹತ್ತಿರ, ಹೆದ್ದಾರಿಯಿಂದ ಒಳಗೆ, ಮೂರು ಮಾಳಿಗೆಯ ಕಟ್ಟಡಗಳನ್ನು ಕಟ್ಟಿದ್ದರು. ಅಲ್ಲಿಂದ ಹೊಳೆ ಕಾಣುವುದಿಲ್ಲ, ಬಲೆ ಹರವಲು ಜಾಗವಿಲ್ಲ. ಮನೆಯಲ್ಲಿ ವಾಸವಿರುವ ಪ್ರತಿ ಕುಟುಂಬಕ್ಕೂ ಒಂದೊಂದು ಮನೆ ಅಂತ ಹೇಳಿದ್ದರು. ವಾಸವಿರಬೇಕು, ಅಷ್ಟೇ ಶರತ್ತು.

ನೋಟಿಸು ಅಂಟಿಸಿ ಹೋದ ದಿನ ಹೆಂಗಸರೆಲ್ಲ ಸೇರಿ ನನ್ನನ್ನು ಕರೆದರು. ಅಕ್ಷರದ ಕೆಲಸ ಏನಿದ್ದರೂ ಕಾಲನಿಯಲ್ಲಿ ನನಗೇ ಬರುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು ಪ್ರತಿ ಸಾಲನ್ನೂ ಓದಿ ಅರ್ಥ ಹೇಳಿದೆ. ಈ ದಿನದಿಂದ ಕಟ್ಟಡವೂ ಅದಕ್ಕೆ ಜೋಡಿಸಿದ ಸಾಮಾನೂ ಸರ್ಕಾರದ ಸ್ವತ್ತು, ಬಾಗಿಲು ಕಿಟಕಿ ಸರಳು ಯಾವುದನ್ನೂ ತೆಗೆಯಬಾರದು, ತೆಗೆದವರ ಮೇಲೆ ಕ್ರಮ ಕೈಗೊಳ್ಳಲಾಗುವುದು.

“ಕ್ರಮ ಅಂದ್ರೆ ಎಂತ?” ಅಂತ ಚಿಕ್ಕಿ ಕೇಳಿದಳು.

“ಕೇಸ್ ಹಾಕ್ತ್ರ್. ಪೊಲೀಸ್ರ್ ಬತ್ರ್” ಅಂದೆ. ಸ್ವಲ್ಪ ಗತ್ತಿನಿಂದಲೇ ಅಂದೆ. ಹೆದರಿಸುವುದರಲ್ಲಿ ನನಗೊಂದು ಸಣ್ಣ ಖುಷಿ ಇತ್ತು, ಅಷ್ಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರಲ್ಲ!

ಅದಾಗಿ ಎರಡು ವಾರಕ್ಕೆ ಒಬ್ಬ ಟೀಚರು ಬಂದರು. ಯಾವುದೋ ಕಲಾಶಾಲೆಯಲ್ಲಿ ಪಾಠ ಮಾಡುವವರು. ಹೀಗೆ ಕೆಡವುವ ಕಾಲನಿಗಳ ಜನರೇ ಸೇರಿ ತಮ್ಮ ಬದುಕನ್ನು ಚಿತ್ರವಾಗಿ ಉಳಿಸಿಕೊಳ್ಳುವ ಕೆಲಸ ಬೇರೆ ಊರುಗಳಲ್ಲಿ ನಡೆಯುತ್ತದೆ, ಇಲ್ಲೂ ಮಾಡೋಣ ಅಂದರು. ಒಳ್ಳೆಯ ಹೆಂಗಸು. ಕ್ಯಾಮೆರಾ ಹಿಡಿದು ಮನೆಮನೆ ತಿರುಗಿದರು. ನಮ್ಮವರು ಮೊದಮೊದಲು ತಲೆ ಬಾಚಿ ನಿಂತರು, ಆಮೇಲೆ ಬೇಸರವಾಗಿ, “ಹ್ವಾಯ್, ಫೋಟೋ ತೆಗ್ದ್ ಎಂತ ಮಾಡ್ತ್ರಿ? ಮನಿ ಉಳಿಸ್ತ್ರ್ಯಾ?” ಅಂತ ಕೇಳತೊಡಗಿದರು. ಟೀಚರು ಮುಖ ಸಣ್ಣ ಮಾಡಿಕೊಂಡು ನಮ್ಮ ಜಗಲಿಯಲ್ಲಿ ಕೂತರು.

ಆಗ ನಾನು ಬಾಯಿ ಬಿಟ್ಟೆ. “ಬಾಗಿಲು ಉಳಿಸುವ” ಅಂದೆ. ಮನೆ ಹೋದರೂ ಬಾಗಿಲು ನಮ್ಮಲ್ಲಿರಲಿ. ಒಂದೊಂದು ಬಾಗಿಲ ಮೇಲೂ ಆ ಮನೆಯವರ ಚಿತ್ರ ಬರೆಯುವ, ಆಳೆತ್ತರಕ್ಕೆ, ಅವರು ಬಾಗಿಲಲ್ಲಿ ನಿಂತ ಹಾಗೆ. ಕೆಳಗೆ ಅವರಿಗೆ ಬೇಕಾದ ಒಂದು ಮಾತನ್ನು ಅವರ ಭಾಷೆಯಲ್ಲೇ ಬರೆಯುವ. ನಲವತ್ತೆರಡು ಬಾಗಿಲುಗಳನ್ನು ಕಾಲನಿಯಲ್ಲಿ ಇದ್ದ ಸಾಲಿನಲ್ಲೇ ಒಂದು ಕಡೆ ನಿಲ್ಲಿಸಿದರೆ ಜನ ಅದರ ನಡುವೆ ಓಡಾಡಬಹುದು. ಹೇಳುತ್ತಾ ಹೇಳುತ್ತಾ ನನಗೇ ರೋಮ ನಿಂತಿತು. ಟೀಚರು ಕೂತಲ್ಲಿಂದ ಎದ್ದುಬಿಟ್ಟರು. “ಇದು ನಿಮ್ಮದೇ ಕಲ್ಪನೆ, ಎಲ್ಲ ಕಡೆ ಹಾಗೇ ಹೇಳುತ್ತೇನೆ” ಅಂದರು. ಆ ಮಾತು ಕೇಳಿ ನನ್ನ ತಲೆ ತಿರುಗಿತು, ಸುಳ್ಳು ಯಾಕೆ ಹೇಳಲಿ.

ಕಾಲನಿಯವರು ನನ್ನಷ್ಟು ಮರುಳರಾಗಿರಲಿಲ್ಲ. ಬಾಗಿಲು ಕೊಡುತ್ತೇವೆ, ಆದರೆ ಹೊಸ ಮನೆಯ ಕೀ ಕೈಗೆ ಬಂದ ಮೇಲೆ, ಅಂದರು. ನೀನೇ ಅಲ್ಲವಾ ನೋಟಿಸು ಓದಿದವ ಅಂತಲೂ ಕೇಳಿದರು. ನ್ಯಾಯವಾದ ಮಾತು. ಆದರೆ ಪ್ರದರ್ಶನಕ್ಕೆ ಬ್ರಹ್ಮಾವರದಲ್ಲಿ ಜಾಗ ಕೊಡಲು ಒಪ್ಪಿದವರು ಮೊದಲು ಒಂದು ಮಾದರಿ ನೋಡಬೇಕು ಅಂದಿದ್ದರು. ಒಂದಾದರೂ ಬಾಗಿಲು ತಕ್ಷಣ ಬೇಕಿತ್ತು. ನಮ್ಮ ಮನೆಯದ್ದನ್ನೇ ಕಳಚಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಮ್ಮ ಮನೆಯದ್ದು ತಗಡಿನ ಬಾಗಿಲು, ಕೆಳಗಿನ ಅರ್ಧ ತುಕ್ಕು ತಿಂದಿತ್ತು. ನೋಡಲು ಚೆಂದವಿರಲಿಲ್ಲ. ಚೆಂದದ್ದು ಚಿಕ್ಕಿಯದ್ದು.

ಸರ್ಕಾರ ಹಾಕಿಕೊಟ್ಟ ಅವಳ ಬಾಗಿಲು ಎರಡೇ ಮಳೆಗಾಲಕ್ಕೆ ಕೊಳೆತಿತ್ತು. ಅವಳ ಗಂಡ ಕಡಲಿಗೆ ಹೋಗುವುದನ್ನು ಬಿಟ್ಟ ವರ್ಷ, ತನ್ನ ಹಳೆಯ ದೋಣಿಯನ್ನು ಬಿಚ್ಚಿ ಅದರ ಹೆಬ್ಬಲಸಿನ ಹಲಗೆಗಳಿಂದ ಹೊಸ ಬಾಗಿಲು ಮಾಡಿದ. ದೋಣಿಯ ಹೆಸರಿನ ಅಕ್ಷರಗಳು ಒಳಮೈಯಲ್ಲಿ ಹಾಗೇ ಉಳಿದಿದ್ದವು, ಹಲಗೆ ಜೋಡಿಸುವಾಗ ಹಿಂದುಮುಂದಾಗಿ ಚೆಲ್ಲಾಪಿಲ್ಲಿಯಾಗಿ. ಅವು ನಾನು ಬರೆದ ಅಕ್ಷರಗಳು, ಹದಿನೆಂಟನೇ ವಯಸ್ಸಿನಲ್ಲಿ ಮೊತ್ತಮೊದಲು ಬರೆದ ದೋಣಿ ಅದು. ಬಾಗಿಲು ಮಾಡಿದ ಮೂರನೇ ವರ್ಷ ಗಂಡ ತೀರಿಕೊಂಡ. ಅಂದಿನಿಂದ ಚಿಕ್ಕಿ ಆ ಬಾಗಿಲಿಗೆ ವರ್ಷಕ್ಕೊಮ್ಮೆ ಗೇರುಬೀಜದ ಎಣ್ಣೆ ಹಚ್ಚುತ್ತಿದ್ದಳು. ತಲೆಗೆ ಎಣ್ಣೆ ಹಾಕಿಕೊಳ್ಳಲು ಮರೆತರೂ ಬಾಗಿಲಿಗೆ ಮರೆಯುತ್ತಿರಲಿಲ್ಲ.

ನಾನು ಕೇಳಲು ಹೋದಾಗ ಹೊಸತು ಹಬ್ಬ ಕಳೆದು ಒಂದು ವಾರವಾಗಿತ್ತು. ನಮ್ಮ ಕಡೆ ಹೊಸತಿಗೆ ಗದ್ದೆಯಿಂದ ಹೊಸ ಭತ್ತದ ಕದಿರು ತಂದು ಮಾವಿನೆಲೆ, ಹಲಸಿನೆಲೆಯ ಜೊತೆ ಬಾಗಿಲಿಗೆ, ಬಾವಿಕಟ್ಟೆಗೆ, ತೆಂಗಿನ ಮರಕ್ಕೆ, ದೋಣಿಗೆ ಕಟ್ಟುತ್ತಾರೆ. ಮುಂದಿನ ವರ್ಷದ ಕದಿರು ಬರುವ ತನಕ ಅದನ್ನು ಬಿಚ್ಚುವುದಿಲ್ಲ. ನಮಗೆ ಯಾರಿಗೂ ಗದ್ದೆ ಇರಲಿಲ್ಲ. ಚಿಕ್ಕಿ ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಅಮಾಸೆಬೈಲಿನ ಬಸ್ಸು ಹತ್ತಿ ಮೀನು ಮಾರಲು ಹೋಗುತ್ತಿದ್ದಳು. ಅಲ್ಲಿನ ಖಾಯಂ ಗಿರಾಕಿಯ ಮನೆಯೊಂದರಿಂದ ಇಡೀ ಕಾಲನಿಗಾಗುವಷ್ಟು ಕದಿರು ಅದೇ ಬುಟ್ಟಿಯಲ್ಲಿ ಬರುತ್ತಿತ್ತು. ನಮ್ಮ ಕದಿರಿಗೆ ಯಾವಾಗಲೂ ಒಂದಿಷ್ಟು ಬಂಗುಡೆಯ ವಾಸನೆ ಇರುತ್ತಿತ್ತು.

“ನಂಗೆ ಬಾಗ್ಲ್ ಬೇಕಿತ್ತ್ ಚಿಕ್ಕಿ” ಅಂದೆ.

“ಎಂತಕೆ, ನಿನ್ ಮನಿಗೆ ಹಾಕುಕಾ?”

“ಅಲ್ಲ. ಅದ್ರ್ ಮೇಲೆ ನಿನ್ ಚಿತ್ರ ಬರೀತೆ.”

ಅವಳು ನಕ್ಕಳು. “ನನ್ ಮುಸುಡಿ ಯಾರ್ ಕಾಂತ್ರ್ ಮಾರಾಯ? ಮೀನ್ ತಕಂಬರೇ ನನ್ ಮುಖ ಕಾಂತಿಲ್ಲೆ, ಬುಟ್ಟಿ ಕಾಂತ್ರ್.” ಆಮೇಲೆ, “ಕೇಸ್ ಆತ್ತ್ ಅಂದಿದ್ಯಲ್ಲ?” ಅಂತ ಕೇಳಿದಳು.

“ಅದ್ ಸರ್ಕಾರದ್ ಬಾಗ್ಲಿಗೆ. ಇದ್ ನಿನ್ ಗಂಡ ಮಾಡಿದ್ ಬಾಗ್ಲ್. ಯಾರ್ ಎಂತ ಹೇಳ್ತ್ರ್?” ಅಂದೆ. ಕಾನೂನೆಲ್ಲ ನನ್ನ ಕಿಸೆಯಲ್ಲಿ ಇದ್ದ ಹಾಗೆ ಅಂದೆ.

ಬೇರೆ ಯಾರು ಕೇಳಿದ್ದರೂ ಅವಳು ಕೊಡುತ್ತಿರಲಿಲ್ಲ. ಕೇಳಿದ್ದು ನಾನು. ತಾನೇ ಸೀಮೆಎಣ್ಣೆ ತಂದು ತಿರುಗಣಿಗೆ ಬಿಟ್ಟಳು. ಬಾಗಿಲು ಎತ್ತುವ ಮೊದಲು ಹೊಸ್ತಿಲು ತೊಳೆದಳು. ನಾನು ಬಾಗಿಲ ಹಿಡಿಯ ಬಳೆಗೆ ಕಟ್ಟಿದ ಕದಿರು ಬಿಚ್ಚಲು ಹೋದಾಗ ಕೈಗೆ ಹೊಡೆದಳು. “ಕದಿರ್ ಬಿಚ್ಚುಕಾಗ. ಹಾಂಗೇ ತಕಂಡ್ ಹೋಗ್.” ಬಾಗಿಲು ಹೋದ ಜಾಗಕ್ಕೆ ಒಂದು ಹಳೆಯ ಸೀರೆ ಕಟ್ಟಿದಳು. ಬೈಂದೂರಿನ ಕಡೆ, ಬಿಜೂರಿನಲ್ಲಿ ಇರುವ ಅಕ್ಕನ ಮಗಳ ಮನೆಗೆ ಟ್ರಂಕು, ದೊಡ್ಡ ಪಾತ್ರೆಗಳನ್ನೆಲ್ಲ ಆಗಲೇ ಸಾಗಿಸಿದ್ದಳು, ಹೊಸ ಮನೆಗೆ ಹೋಗುವಾಗ ಅವಸರ ಬೇಡವೆಂದು. ಒಳಗೆ ಉಳಿದದ್ದು ಒಂದು ಚಾಪೆ, ಎರಡು ಪಾತ್ರೆ, ನೀರಿನ ಕೊಡ.

“ಕಳ್ಳ ಬಂದ್ರೆ ಎಂತ ಮಾಡ್ತೆ?” ಅಂತ ತಮಾಷೆ ಮಾಡಿದೆ.

“ಬಂದ್ರೆ ಕೂಕಣಿ ಅಂತೆ. ಮೀನ್ ಸಾರ್ ಬಡಿಸ್ತೆ” ಅಂದಳು.

ಬಂದದ್ದು ಕಳ್ಳರಲ್ಲ, ಸರ್ವೆಯವರು. ನಾಲ್ಕನೆಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ. ಯಾರು ವಾಸವಿದ್ದಾರೆ ಅಂತ ಕೊನೆಯ ಸಲ ಖಾತ್ರಿ ಮಾಡಿಕೊಳ್ಳಲು, ಮೊಬೈಲಿನಲ್ಲಿ ಮನೆಮನೆಯ ಫೋಟೋ ತೆಗೆಯುತ್ತ. ಆ ಹೊತ್ತಿಗೆ ನಾನು ಕಾಲನಿಯಲ್ಲಿ ಇರಲಿಲ್ಲ. ಪರಿಚಯದವರ ಶೆಡ್ಡಿನಲ್ಲಿ ಚಿಕ್ಕಿಯ ಬಾಗಿಲನ್ನು ಗೋಡೆಗೆ ಒರಗಿಸಿ ಅವಳ ಮೂಗುಬೊಟ್ಟು ಬರೆಯುತ್ತಿದ್ದೆ. ಆ ಮೂಗುಬೊಟ್ಟಿಗೆ ಹೊಳಪು ಬರಿಸಲು ಎರಡು ತಾಸು ಹಿಡಿದಿತ್ತು, ಅದಕ್ಕೇ ಆ ದಿನ ನನಗೆ ಚೆನ್ನಾಗಿ ನೆನಪಿದೆ.

ಬೀಗ ಹಾಕಿದ ಮನೆಗಳು ಏಳೆಂಟು ಇದ್ದವು. ಅವುಗಳಿಗೆಲ್ಲ ‘ಬೀಗ ಹಾಕಿದೆ, ಮತ್ತೆ ಭೇಟಿ’ ಅಂತ ಬರೆದುಕೊಂಡರು. ಬಾಗಿಲೇ ಇಲ್ಲದ ಮನೆ ಒಂದೇ ಇತ್ತು. ಸೀರೆ ಸರಿಸಿ ಒಳಗೆ ನೋಡಿದರು, ಒಂದು ಚಾಪೆ, ಎರಡು ಪಾತ್ರೆ. ಎದುರುಮನೆಯ ಹೆಂಗಸು ಓಡಿಬಂದು, “ಇದ್ರ್, ಮೀನಿಗೆ ಹೋಯಿದ್ರ್, ಮದ್ಯಾನ ಬತ್ರ್” ಅಂತ ಹೇಳಿದಳಂತೆ. ಫೋಟೋ ತೆಗೆಯುತ್ತಿದ್ದವ, “ಬಾಗಿಲೇ ಇಲ್ಲದ ಮನೆಯಲ್ಲಿ ಯಾರಮ್ಮ ಇರ್ತಾರೆ?” ಅಂತ ಕೇಳಿ ಮುಂದಿನ ಮನೆಗೆ ಹೋದನಂತೆ. ಚಿಕ್ಕಿಯ ಮನೆಗೆ ಬರೆದುಕೊಂಡದ್ದು ‘ವಾಸವಿಲ್ಲ’ ಅಂತ.

ಮಧ್ಯಾಹ್ನ ಖಾಲಿ ಬುಟ್ಟಿ ಹಿಡಿದು ಬಂದ ಚಿಕ್ಕಿ ಇದನ್ನು ಕೇಳಿ ಅಷ್ಟೇನೂ ತಲೆಕೆಡಿಸಿಕೊಳ್ಳಲಿಲ್ಲ. “ನಾ ಇಲ್ಲಿಪ್ಪುದ್ ಊರಿಗೇ ಗೊತ್ತಿತ್ತ್” ಅಂದಳು. ನಾನೂ ಹಾಗೇ ಅಂದುಕೊಂಡೆ. ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ತಿಂಗಳ ಮೇಲೆ ಪಟ್ಟಿ ಬಂತು. ಮತ್ತೆ ನನ್ನನ್ನೇ ಕರೆದರು, ಓದು ಅಂತ. ಹೊಸ ಮನೆ ಸಿಕ್ಕಿದವರ ಹೆಸರುಗಳನ್ನು ನಾನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಹೆಸರು ಬಂದವರು “ಹೋ” ಅಂತ ಕೂಗುತ್ತಿದ್ದರು, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಹೆಸರೂ ಬಂತು. ನನ್ನ ಹೆಂಡತಿ ಸೆರಗಿನಿಂದ ಕಣ್ಣೊರಸಿಕೊಂಡಳು. ಚಿಕ್ಕಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದಳು. ನಲವತ್ತೊಂದು ಹೆಸರಿಗೆ ಪಟ್ಟಿ ಮುಗಿಯಿತು. ನಾನು ಕಾಗದದ ಹಿಂಬದಿ ನೋಡಿದೆ, ಅಲ್ಲಿ ಏನೂ ಇರಲಿಲ್ಲ.

“ಇನ್ನೊಂದ್ ಸಲ ಓದ್ ಮಗಾ” ಅಂದಳು.

ಮತ್ತೆ ಮೊದಲಿನಿಂದ ಓದಿದೆ. ಈ ಸಲ ಯಾರೂ ಕೂಗಲಿಲ್ಲ. ಓದಿ ಮುಗಿಸಿದಾಗ ಅವಳು, “ಹೂಂ” ಅಂತ ಅಂದು ಬುಟ್ಟಿ ತೊಳೆಯಲು ಹೊಳೆಗೆ ಇಳಿದಳು. ಆ ಬುಟ್ಟಿಯನ್ನು ಅಷ್ಟು ಹೊತ್ತು ತೊಳೆದದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಆಕ್ಷೇಪಣೆ ಸಲ್ಲಿಸಬಹುದು ಅಂತ ಕಚೇರಿಯಲ್ಲಿ ಹೇಳಿದರು. ಅರ್ಜಿಯನ್ನು ನಾನೇ ಬರೆದೆ. ಎಷ್ಟು ಚೆಂದದ ಅಕ್ಷರದಲ್ಲಿ ಬರೆದೆ ಅಂದರೆ ಗುಮಾಸ್ತರು ಎತ್ತಿ ಪಕ್ಕದವರಿಗೆ ತೋರಿಸಿದರು. ‘ಸರ್ವೆಯ ದಿನ ಮೀನು ಮಾರಾಟಕ್ಕೆ ಹೋದ ಕಾರಣ ಮನೆಯಲ್ಲಿ ಇರಲಿಲ್ಲ’ ಎಂದು ಬರೆದೆ. ಬಾಗಿಲಿನ ವಿಷಯ ಬರೆಯಲಿಲ್ಲ. ಬರೆಯಲು ಪೆನ್ನು ಎತ್ತಿದ್ದೆ, ದೇವರಾಣೆ. ತೆಗೆದವರ ಮೇಲೆ ಕ್ರಮ ಎಂಬ ಸಾಲು ಕಣ್ಣಿಗೆ ಕಟ್ಟಿತು. ಬ್ರಹ್ಮಾವರದ ಪ್ರದರ್ಶನವೂ ಕಣ್ಣಿಗೆ ಕಟ್ಟಿತು. ವಿಚಾರಣೆಯ ದಿನ ನಾನೇ ಜೊತೆಗೆ ಹೋಗಿ ಬಾಯಿಮಾತಿನಲ್ಲಿ ಎಲ್ಲ ಬಿಡಿಸಿ ಹೇಳುತ್ತೇನೆ ಅಂತ ಮನಸ್ಸಿಗೆ ಸಮಾಧಾನ ಮಾಡಿಕೊಂಡೆ.

ವಿಚಾರಣೆ ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. ಅಷ್ಟರಲ್ಲಿ ಉಳಿದವರಿಗೆ ಕೀ ಸಿಕ್ಕಿತು. ಅವರು ಹೊರಡುವ ದಿನ ಬಾಗಿಲುಗಳನ್ನು ನನ್ನ ಕೈಗೆ ಕೊಟ್ಟರು. ಯಾರೂ ತಡೆಯಲಿಲ್ಲ. ಕೆಡವಲು ಬಂದ ಗುತ್ತಿಗೆಯವನಂತೂ, “ತಕೊಂಡು ಹೋಗಿ ಮಾರಾಯ್ರೆ, ನನಗೆ ಅಷ್ಟು ಕಸ ಕಡಿಮೆ” ಅಂದ. ನಾನು ಗತ್ತಿನಿಂದ ಓದಿ ಎಲ್ಲರನ್ನೂ ಹೆದರಿಸಿದ ಆ ಸಾಲಿಗೆ ಕೊನೆಗೆ ಉಳಿದ ಬೆಲೆ ಅಷ್ಟೇ! ಚಿಕ್ಕಿಯ ಮನೆ ಕೆಡವುವಾಗ ಅವಳು ಇರಲಿಲ್ಲ, ಬಿಜೂರಿಗೆ ಹೋಗಿಯಾಗಿತ್ತು. ನಮ್ಮ ಎರಡೂ ಮನೆಯ ನಡುವಿನ ಆ ಗೋಡೆ ಜೆಸಿಬಿಯ ಒಂದೇ ಪೆಟ್ಟಿಗೆ ಬಿತ್ತು. ಎರಡು ಪೆಟ್ಟಿಗಾದರೂ ನಿಲ್ಲುತ್ತದೆ ಅಂದುಕೊಂಡಿದ್ದೆ.

ಕೊನೆಗೆ ವಿಚಾರಣೆಯ ದಿನ ಗೊತ್ತಾಯಿತು. ಬ್ರಹ್ಮಾವರದ ಪ್ರದರ್ಶನ ಶುರುವಾಗುವ ದಿನವೇ, ಅದೇ ಹೊತ್ತು. ನಾನು ಚಿಕ್ಕಿಗೆ ಫೋನು ಮಾಡಿ ತಡವರಿಸಿದೆ.

“ನೀ ಹೋಗ್” ಅಂದಳು. “ಅಲ್ಲಿ ನೀ ಇಲ್ದಿರೆ ಆಪ್ದಲ್ಲ. ನಂಗೆಂತ ಬಾಯಿಲ್ಯಾ? ಹೇಳ್ಕಂಡ್ ಬತ್ತೆ.”

ಹೌದಲ್ಲ, ಅವಳಿಗೆ ಬಾಯಿದೆಯಲ್ಲ, ಅಂದುಕೊಂಡೆ. ನಾನು ಹೋಗಬೇಕಿತ್ತು. ಯಾವ ಚಿತ್ರವೂ, ಯಾವ ಪ್ರದರ್ಶನವೂ ನಾನಿಲ್ಲದೆ ಬಿದ್ದುಹೋಗುತ್ತಿರಲಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ, ನಾನು ಹೋಗಬೇಕಿತ್ತು.

ಪ್ರದರ್ಶನಕ್ಕೆ ಜನ ಚೆನ್ನಾಗಿ ಬಂದರು. ಬಾಗಿಲುಗಳ ಸಾಲಿನ ನಡುವೆ ನಮ್ಮ ಕಾಲನಿಯವರೇ ತಮ್ಮ ತಮ್ಮ ಬಾಗಿಲ ಪಕ್ಕ ನಿಂತು ಬಂದವರಿಗೆ ಕತೆ ಹೇಳಿದರು. ಇಲ್ಲಿ ಮಗಳ ಬಾಳಂತನ ಆಯ್ತು, ಇಲ್ಲಿ ತಂದೆಯನ್ನು ಮಲಗಿಸಿದ್ದು, ಅಂತ. ಕೆಲವರು ಅಳುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಜನ ಸೇರಿದ್ದು ಚಿಕ್ಕಿಯ ಬಾಗಿಲ ಎದುರು. ಕೈಯಲ್ಲಿ ಬುಟ್ಟಿ, ತುಟಿಯಲ್ಲಿ ಇನ್ನೇನು ಬೈಯುತ್ತಾಳೆ ಅನ್ನುವಂಥ ನಗು, ಬಾಗಿಲ ಬಳೆಯಲ್ಲಿ ಒಣಗಿದ ಕದಿರು. ಕೆಳಗೆ ಅವಳೇ ಹೇಳಿ ಬರೆಸಿದ ಮಾತು, ನನ್ನ ಜೀವನದ ಅತ್ಯಂತ ಚೆಂದದ ಅಕ್ಷರದಲ್ಲಿ:

‘ನಾ ಮೀನ್ ಮಾರುಕೆ ಹೋತೆ. ಮದ್ಯಾನ ಬತ್ತೆ. ಕೂಕಂಡಿರಿ.’

ಜನ ಓದಿ ನಗುತ್ತಿದ್ದರು, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾನು ಕೈಕಟ್ಟಿ ನಿಂತು ಹೊಗಳಿಕೆ ಕೇಳಿಸಿಕೊಳ್ಳುತ್ತಿದ್ದೆ. ಆಗ ಒಬ್ಬರು ಹಿರಿಯರು ತಮ್ಮ ಪಾಡಿಗೆ ಹೇಳಿಕೊಂಡರು, “ಬಾಗಿಲ ಮೇಲೆ ಇಷ್ಟು ಬರೆದಿಟ್ಟು ಹೋದರೆ ಬಂದವರಿಗೆ ಗೊತ್ತಾಗ್ತದೆ ಅಲ್ವಾ.” ಸರ್ವೆಯವರು ಬಂದ ದಿನ ಈ ಬಾಗಿಲು ಅದರ ಜಾಗದಲ್ಲಿ ಇದ್ದಿದ್ದರೆ, ಬರಿಯ ಬೀಗ ನೇತಾಡುತ್ತಿದ್ದರೂ ಸಾಕಿತ್ತು. ನಾನು ಹೊರಗೆ ಬಂದು ನಲ್ಲಿಯ ಹತ್ತಿರ ಕೂತುಬಿಟ್ಟೆ. ಟೀಚರು ಬಂದು ಯಾಕೆ ಅಂತ ಕೇಳಿದಾಗ ಅವರಿಗೆ ಎಲ್ಲ ಹೇಳಿದೆ. ಅವರೂ ನನ್ನ ಪಕ್ಕ ನೆಲದ ಮೇಲೆ ಕೂತರು.

ಅರ್ಜಿ ತಿರಸ್ಕಾರವಾಯಿತು. “ಹೋಯ್ಲಿ ಬಿಡ್” ಅಂದಳು ಚಿಕ್ಕಿ ಫೋನಿನಲ್ಲಿ. “ಇಲ್ಲಿ ಜಗ್ಲಿ ಇತ್ತ್, ಗಾಳಿ ಬತ್ತ್. ಸಮುದ್ರ ಬದಿಯಂಗೇ ಇತ್ತ್.” ಬಿಜೂರಿನ ಆ ಮನೆ ಗದ್ದೆ ತೆಂಗಿನ ನಡುವೆ ಇದೆ. ಅಲ್ಲಿಗೆ ಸಮುದ್ರ ಕೇಳಿಸುವುದೂ ಇಲ್ಲ.

ಪ್ರದರ್ಶನ ಮುಗಿದ ಮೇಲೆ ಬಾಗಿಲುಗಳನ್ನು ಹಿಂದಕ್ಕೆ ಕೊಡಬೇಕಲ್ಲ. ಹೊಸ ಕಟ್ಟಡದ ಮನೆಗಳಿಗೆ ಬಾಗಿಲು ಇದ್ದೇ ಇದೆ. ನಮ್ಮವರು ಏನು ಮಾಡಬೇಕೆಂದು ತೋಚದೆ ತಾರಸಿ ಮೇಲೆ ಒರಗಿಸಿದರು, ಕೆಲವರು ನೀನೇ ಇಟ್ಟುಕೋ ಅಂದರು. ಚಿಕ್ಕಿಯದ್ದನ್ನು ಗೂಡ್ಸ್ ರಿಕ್ಷಾದಲ್ಲಿ ಹಾಕಿ ಬಿಜೂರಿಗೆ ತೆಗೆದುಕೊಂಡು ಹೋದೆ. ಅವಳು ಅಂಗಳದಲ್ಲಿ ನಿಂತು ತನ್ನ ಚಿತ್ರವನ್ನು ಮೇಲಿಂದ ಕೆಳಗೆ ನೋಡಿದಳು. “ಇಷ್ಟ್ ಚೆಂದ ನಾ ಯಾವಾಗ ಇದ್ದಿದ್ದೆ?” ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ಎಲ್ಲಿಗೆ ಹಾಕೂದ್ ಇದನ್ನ?”

ಹಾಕಲು ಜಾಗವಿರಲಿಲ್ಲ. ಕೊನೆಗೆ ಜಗಲಿಯ ಮೂಲೆಯಲ್ಲಿ ನಾಲ್ಕು ಕೆಂಪುಕಲ್ಲು ಇಟ್ಟು ಅದರ ಮೇಲೆ ಬಾಗಿಲನ್ನು ಅಡ್ಡ ಮಲಗಿಸಿದೆವು. ಅವಳ ಮಂಚ ಅದೇ ಆಯಿತು. “ನನ್ ಮುಖದ್ ಮೇಲೆ ನಾನೇ ಮನಿಕಂಬುದಾ? ಚಿತ್ರ ಅಡಿ ಬದಿಗೆ ಮಾಡ್” ಅಂತ ನಕ್ಕಳು. ಹಾಗೆ ಮಗುಚಿದಾಗ ದೋಣಿಯ ಹೆಸರಿನ ಚೆಲ್ಲಾಪಿಲ್ಲಿ ಅಕ್ಷರಗಳು ಮೇಲೆ ಬಂದವು. ಅದರ ಮೇಲೆ ಚಾಪೆ ಹಾಸಿದಳು. ಕಲ್ಲುಗಳು ಒಂದೇ ಮಟ್ಟದಲ್ಲಿರಲಿಲ್ಲ, ಒಂದು ಮೂಲೆ ಅಲ್ಲಾಡುತ್ತಿತ್ತು.

ನನ್ನ ಜೀವ ತಡೆಯಲಿಲ್ಲ. ಮಳೆಗಾಲ ಕಳೆದ ಮೇಲೆ ಕಚೇರಿಗೆ ಹೋಗಿ, ಮತ್ತೆ ಅರ್ಜಿ ಹಾಕಬಹುದೇ ಅಂತ ಕೇಳಿದೆ. ಗುಮಾಸ್ತರು ಕಡತ ತೆಗೆದು ವಿಚಾರಣೆಯ ದಿನ ಚಿಕ್ಕಿ ಕೊಟ್ಟ ಹೇಳಿಕೆಯನ್ನು ನನ್ನ ಮುಂದಿಟ್ಟರು. ಮನೆಗೆ ಬಾಗಿಲು ಯಾಕೆ ಇರಲಿಲ್ಲ ಎಂದು ಕೇಳಿದ್ದರು. ಅವಳ ಉತ್ತರವನ್ನು ಯಾರೋ ಬರೆದುಕೊಂಡಿದ್ದರು: ಬಾಗಿಲು ಹಳತಾಗಿತ್ತು, ನಾನೇ ಒಡೆದು ಒಲೆಗೆ ಹಾಕಿದೆ. ಕೆಳಗೆ ಅವಳ ಹೆಬ್ಬೆಟ್ಟು.

“ವಾಸ ಇರುವವರು ಬಾಗಿಲು ಸುಡ್ತಾರಾ, ನೀವೇ ಹೇಳಿ” ಅಂದರು ಗುಮಾಸ್ತರು. ಕೆಟ್ಟ ಮನುಷ್ಯರಲ್ಲ. “ಅವರೇ ಬಂದು ಹೇಳಿಕೆ ಬದಲಾಯಿಸಿದರೆ ನೋಡಬಹುದು. ಒಂದು ಮನೆ ಇನ್ನೂ ಖಾಲಿ ಇದೆ. ಈ ತಿಂಗಳೊಳಗೆ ಬರಬೇಕು, ಆಮೇಲೆ ಅದು ಬೇರೆಯವರಿಗೆ ಹೋಗ್ತದೆ.”

ನಾನು ಆ ಸಾಲನ್ನೇ ನೋಡುತ್ತ ನಿಂತೆ. ತಲೆಗೆ ಇಲ್ಲದಿದ್ದರೂ ಬಾಗಿಲಿಗೆ ಎಣ್ಣೆ ಹಚ್ಚಿದವಳು! ಗಂಡನ ದೋಣಿಯನ್ನು ಒಲೆಗೆ ಹಾಕಿದೆ ಅಂತ ಅಷ್ಟು ಜನರ ಮುಂದೆ ಹೇಳಿದ್ದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನನ್ನ ಮನೆಗೆ ಸರ್ಕಾರ ಕೊಟ್ಟ ಹೊಸ ಬಾಗಿಲಿತ್ತಲ್ಲ, ಹಾಕಿಕೊಳ್ಳಲು.

ಹೊಸ ಅರ್ಜಿ ಬರೆದೆ. ಈ ಸಲ ಅಕ್ಷರ ಚೆಂದ ಬರಲಿಲ್ಲ. ‘ಬಾಗಿಲನ್ನು ಕಳಚಿ ಕೊಂಡುಹೋದವನು ನಾನು. ಚಿ‌ತ್ರ ಬರೆಯುವ ಆಸೆಗೆ ತೆಗೆದೆ. ಆ ಮನೆಯಲ್ಲಿ ಈಕೆ ವಾಸವಿದ್ದರು. ನನ್ನನ್ನು ಕಾಪಾಡಲು ಸುಳ್ಳು ಹೇಳಿದ್ದಾರೆ. ಏನು ಕ್ರಮವಿದ್ದರೂ ನನ್ನ ಮೇಲೆ ತೆಗೆದುಕೊಳ್ಳಿ.’ ಅಷ್ಟೇ. ಅದನ್ನು ಹಿಡಿದು ಬಿಜೂರಿಗೆ ಬಸ್ಸು ಹತ್ತಿದೆ.

ಅವತ್ತು ಅಲ್ಲಿ ಹೊಸತು ಹಬ್ಬ. ಅಕ್ಕನ ಮಗಳು ತಮ್ಮ ಗದ್ದೆಯ ಕದಿರನ್ನು ಬಾಗಿಲಿಗೆ, ಬಾವಿಗೆ, ತೆಂಗಿನ ಮರಕ್ಕೆ ಕಟ್ಟಿ ಮುಗಿಸಿದ್ದಳು. ಚಿಕ್ಕಿ ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮಲಗಿದ ಬಾಗಿಲ ಅಡಿಗೆ ಕೈ ತೂರಿಸಿ ಬಳೆಯಿಂದ ಹಳೆಯ ಕದಿರು ಬಿಚ್ಚುತ್ತಿದ್ದಳು. ಕಣ್ಣಿಗೆ ಕಾಣದ ಜಾಗ, ಬೆರಳಲ್ಲೇ ತಡಕಾಡಿ ಹೊಸದನ್ನು ಕಟ್ಟಿದಳು. ಈಗ ಬುಟ್ಟಿ ಹೊರುವುದನ್ನು ಬಿಟ್ಟಿದ್ದಳು, ಕೈ ತೆಳ್ಳಗಾಗಿತ್ತು.

“ಒಲೆಗೆ ಹಾಕಿದೆ ಅಂತ ಎಂತಕೆ ಹೇಳ್ದೆ ಚಿಕ್ಕಿ?” ಅಂತ ಕೇಳಿದೆ.

ಅವಳು ತಿರುಗಿ ನೋಡಲಿಲ್ಲ. “ಮತ್ತೆಂತ ಹೇಳೂದ್? ಬಾಗ್ಲ್ ತೆಗ್ದವ್ರ್ ಮೇಲೆ ಕೇಸ್ ಆತ್ತ್, ಪೊಲೀಸ್ರ್ ಬತ್ರ್ ಅಂತ ನೀನೇ ಓದ್ ಹೇಳಿದ್ಯಲ್ಲ.”

ನಾನು ಕಾಗದ ಬಿಚ್ಚಿ ಹಿಡಿದೆ. ಇದಕ್ಕೆ ಹೆಬ್ಬೆಟ್ಟು ಒತ್ತು, ನಾಳೆ ಇಬ್ಬರೂ ಹೋಗುವ, ಮನೆ ಇನ್ನೂ ಇದೆ, ಅಂದೆ. “ಎಂತ ಬರ್ದಿದ್ದೆ, ಓದ್” ಅಂದಳು. ಓದಿದೆ. ಅವಳು ಮಂಚದ ಅಂಚಿಗೆ ಕೂತು, ತಲೆ ಒಂದು ಬದಿಗೆ ವಾಲಿಸಿ, ಪಟ್ಟಿ ಓದಿದ ದಿನ ಕೇಳಿದ ಹಾಗೆಯೇ ಕೇಳಿದಳು. ಓದಿ ಮುಗಿಸಿದಾಗ ಸ್ವಲ್ಪ ಹೊತ್ತು ಗದ್ದೆಯ ಕಡೆ ನೋಡಿದಳು.

“ಇನ್ನೊಂದ್ ಸಲ ಓದ್ ಮಗಾ.”

ನಾನು ಬಾಯಿ ತೆರೆದೆ. ‘ಬಾಗಿಲನ್ನು ಕಳಚಿ’ ಅನ್ನುವಲ್ಲಿಗೆ ಓದು ನಿಂತಿತು. ಮತ್ತೆ ಪ್ರಯತ್ನಿಸಿದೆ, ಆಗಲಿಲ್ಲ. ಐವತ್ತು ದಾಟಿದ ಗಂಡಸು ಆ ಜಗಲಿಯಲ್ಲಿ ಮಕ್ಕಳ ಹಾಗೆ ಅತ್ತೆ. ಚಿಕ್ಕಿ ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. “ನಿನ್ ಮೇಲೆ ಕೇಸ್ ಹಾಕ್ರೆ ನಂಗೆ ಆ ಮನಿ ಎಂತಕೆ?” ಅಂದಳು. ಯಾರೂ ಕೇಸು ಹಾಕುವುದಿಲ್ಲ, ಆಮೇಲೆ ನಲವತ್ತೊಂದು ಬಾಗಿಲು ತೆಗೆದೆ, ಯಾರೂ ಕೇಳಲಿಲ್ಲ, ಅಂತ ಬಿಕ್ಕುತ್ತಲೇ ಹೇಳಿದೆ. ಅವಳು ನಂಬಲಿಲ್ಲ. ಮೊದಲ ಸಲ ನಾನು ಅಷ್ಟು ಚೆನ್ನಾಗಿ ಓದಿ ಹೇಳಿದ್ದೆ.

ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಬಗ್ಗಿ, ಬಾಗಿಲ ಮೂಲೆ ತುಸು ಎತ್ತಿ, ಅಲ್ಲಾಡುತ್ತಿದ್ದ ಕಡೆ ಕಲ್ಲಿಗೂ ಹಲಗೆಗೂ ನಡುವೆ ಅದನ್ನು ಒತ್ತಿಟ್ಟಳು. ಮೇಲೆ ಕೂತು ಅಲುಗಾಡಿಸಿ ನೋಡಿದಳು.

“ಈಗ ಸರಿ ಆಯ್ತ್ ಕಾಣ್” ಅಂದಳು. “ಬಾ, ಕೂಕೋ.”